ರಾಜಬಿಗಾಗಿ ಮೆತ್ತನೆಯ ಬ್ರೌನಿ

ನಮ್ಮತ್ತೆ ಕಾಶಿಬಾಯಿಯ ಪ್ರಕಾರ ಜಗತ್ತಿನಲ್ಲಿ ಅಡುಗೆ ಎರಡೇ ಬಗೆ: ಬೆಂದದ್ದು ಮತ್ತು ಹಸಿ. ಒತ್ತಿದಾಗ ಬೆರಳು ಒಳಗೆ ಹೋಯಿತೋ, ಅದು ಹಸಿ. ಅದನ್ನು ಮನುಷ್ಯರ ಮುಂದಿಟ್ಟರೆ ಮರ್ಯಾದೆ ಹೋದಂತೆ. ನಮ್ಮೂರು ಗೊಳಸಂಗಿಯಲ್ಲಿ ಅವರ ಖಡಕ್ ರೊಟ್ಟಿಗೆ ಎದುರಿಲ್ಲ. ನಾನು ಈ ಮನೆಗೆ ಬಂದ ಹೊಸತರಲ್ಲಿ ಮೆತ್ತನೆಯ ರೊಟ್ಟಿ ಮಾಡಿ ಬೇಕಾದಷ್ಟು ಬೈಸಿಕೊಂಡವಳು. ಹಾಗಾಗಿ ಇದನ್ನು ಹೇಳುವಾಗ ಸೊಸೆಯ ನಾಲಗೆ ತುಸು ಚೂಪಾದರೆ ತಪ್ಪು ತಿಳಿಯಬಾರದು.

ಅತ್ತೆಗೆ ಒಬ್ಬಳೇ ಜೀವದ ಗೆಳತಿ, ತಾಳಿಕೋಟೆಯ ರಾಜಬಿ. ಇಬ್ಬರೂ ಹಲಸಂಗಿಯ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಮದುವೆಯಾಗಿ ಒಬ್ಬರು ಇತ್ತ ಬಂದರು, ಒಬ್ಬರು ಅತ್ತ ಹೋದರು. ಅಂದಿನಿಂದ ಪ್ರತಿ ಅಮಾವಾಸ್ಯೆ ಕಳೆದ ಮೇಲೆ ರೊಟ್ಟಿಯ ಗಂಟೊಂದು ತಾಳಿಕೋಟೆಗೆ ಹೋಗುತ್ತದೆ. ಪರಿಚಯದವರು ಯಾರಾದರೂ ಬಸ್ಸು ಹತ್ತಿದರೆ ಸಾಕು, ಗಂಟು ಅವರ ತೊಡೆಯ ಮೇಲೆ ಕೂತುಬಿಡುತ್ತದೆ. ಅತ್ತೆ ಯಾರೊಡನೆಯಾದರೂ ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ. ರೊಟ್ಟಿ ಕೊಡುವುದು ಅವರ ಕೆಲಸ, ಉಳಿದದ್ದನ್ನು ತಿಳಿದುಕೊಳ್ಳುವುದು ತಿನ್ನುವವರ ಕೆಲಸ.

ಈ ಸಲ ದೀಪಾವಳಿ ಮುಗಿದ ಮೇಲೆ ಹೋದ ಗಂಟು ಬಿಚ್ಚದೆಯೇ ಮರಳಿ ಬಂತು. ಅತ್ತೆ ಊಟ ಬಿಟ್ಟರು. ಆಕೆಗೆ ತಾನು ಬೇಡವಾದೆನೆಂದು ಒಲೆಗೆ ಹೇಳಿದರು, ಎಮ್ಮೆಗೆ ಹೇಳಿದರು, ನನಗೊಬ್ಬಳಿಗೆ ಮಾತ್ರ ಹೇಳಲಿಲ್ಲ. ಕೊನೆಗೆ ನಾನೇ ರಾಜಬಿಯ ಸೊಸೆ ಮುಬಿನಾಗೆ ಫೋನು ಮಾಡಿದೆ. ರಾಜಬಿಯ ಹಲ್ಲುಗಳನ್ನೆಲ್ಲ ತೆಗೆಸಿದ್ದರಂತೆ. ಕಟ್ಟಿಸಿದ ಹಲ್ಲು ಬೇಡವೇ ಬೇಡವೆಂದು ಹಟ ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಾರಂತೆ, ಮನೆಯವರೆದುರೂ ಉಣ್ಣುತ್ತಿಲ್ಲವಂತೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಸುದ್ದಿ ಕೇಳಿದ ಅತ್ತೆ ಸೀದಾ ಅಡುಗೆಮನೆಗೆ ಹೋದರು. ಫೋನಿನಲ್ಲಿ ನೋಡಿ ಕಲಿತು ನಾನು ಆಗಾಗ ಮಾಡುವ ಬಿಳಿ ಚಾಕಲೇಟಿನ ಬ್ರೌನಿ, ಒಳಗೆ ಮೆತ್ತಗಿರುವ ಕೇಕು, ಅಲ್ಲಿ ಡಬ್ಬಿಯಲ್ಲಿತ್ತು. ಹಸಿ ಹಿಟ್ಟೆಂದು ಅದನ್ನು ಎಂದೂ ಮುಟ್ಟದವರು ಈಗ ಬೆರಳಿನಿಂದ ಒತ್ತಿ ನೋಡಿ, ತನಗೂ ಕಲಿಸು ಎಂದರು.

ಬಿಳಿ ಚಾಕಲೇಟು, ಬೆಣ್ಣೆ ಎರಡನ್ನೂ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿದೆವು. ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ, ಅದರ ಬದಲು ಮೊಸರು. ಸಕ್ಕರೆ, ಮೈದಾ ಕೂಡಿಸಿ ಕಲಸಿ ಪಾತ್ರೆಗೆ ಸುರಿದು, ಸೀಟಿ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರವಿ ಅದರ ಮೇಲಿಟ್ಟೆವು. ನಡುವೆ ಮೆತ್ತಗಿರುವಾಗಲೇ ಇಳಿಸಿಬಿಡಿ ಎಂದು ಹೇಳಿ ನಾನು ಎಮ್ಮೆ ಹಿಂಡಲು ಹೋದೆ. ಬಂದು ನೋಡಿದರೆ ಅತ್ತೆ ಬ್ರೌನಿಯನ್ನು ಹೋಳು ಮಾಡಿ, ರೊಟ್ಟಿ ಆನಿಸಿಡುವಂತೆ ಕಟ್ಟಿಗೆ ಒಲೆಯ ಸುತ್ತ ಸಾಲಾಗಿ ನಿಲ್ಲಿಸಿದ್ದರು. ಹಸಿ ಇತ್ತು, ಒಣಗಲಿ ಅಂತ ಇಟ್ಟೆ ಎಂದರು. ಒಂದು ಹೋಳು ನೆಲಕ್ಕೆ ಬಿದ್ದು ಠಣ್ ಎಂದಿತು. ಅತ್ತೆಯ ಮುಖದಲ್ಲಿ ಏನು ಹೆಮ್ಮೆ!

ಎರಡನೆಯ ಸಲವೂ ನನ್ನ ಕಣ್ಣು ತಪ್ಪಿಸಿ ಮತ್ತೆ ಉರಿ ಹಚ್ಚಿದರು. ನನ್ನ ಗಂಡ ಧರ್ಮರಾಜ ಒಂದು ತುಂಡು ಕಡಿದವನು ದವಡೆ ಹಿಡಿದುಕೊಂಡು, ಇನ್ನು ನನ್ನ ಹಲ್ಲೂ ತೆಗೆಸಬೇಕಾದೀತು ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಮೂರನೆಯ ಸಲ ಕುಕ್ಕರಿನ ಮುಂದೆ ನಾನೇ ಕಾವಲು ಕೂತೆ. ಅತ್ತೆ ಬಾಗಿಲಿಗೆ ಒರಗಿ ಮೆಲ್ಲಗೆ ಹೇಳಿದರು:

“ಹಸೀದು ತಿನಿಸಿ ಆಕೀ ಹೊಟ್ಟಿ ಕೆಟ್ಟರ ಏನ್ ಮಾಡ್ಲೆವ್ವಾ? ಮೊದಲ ನಾ ಬ್ಯಾಡಾಗೇನಿ.”

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಪಾಪ, ಇಷ್ಟು ಹೊತ್ತೂ ಅವರು ಹೆದರಿದ್ದರು. ಬ್ರೌನಿ ಆರಿದ ಮೇಲೆ ಒಂದು ತುಂಡನ್ನು ಅವರ ಕೈಗೇ ಕೊಟ್ಟೆ. ಕಣ್ಣು ಮುಚ್ಚಿ ಔಷಧ ನುಂಗುವಂತೆ ತಿಂದರು. ಸಂಜೆಯವರೆಗೂ ಹೊಟ್ಟೆನೋವಿಗಾಗಿ ಕಾದರು. ಅದು ಬರಲಿಲ್ಲ. ಮರುದಿನ ಡಬ್ಬಿ ಕಟ್ಟಿಕೊಂಡು ಹೊರಟೆವು.

ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ತಾಳಿಕೋಟೆ ಸೇರಿದೆವು. ರಾಜಬಿ ಸೆರಗಿನ ಹಿಂದಿನಿಂದಲೇ ಕರೆದು ಕೂಡಿಸಿದರು. ಡಬ್ಬಿ ಕಂಡದ್ದೇ ತಡ, ಈಗಷ್ಟೇ ಉಂಡೆ ಎಂದು ಸುಳ್ಳು ಹೇಳಿದರು. ಅತ್ತೆ ಡಬ್ಬಿ ಬಿಚ್ಚಿದರು. ಒಂದು ತುಂಡು ಮುರಿದು, ಗೆಳತಿಯ ಸೆರಗಿನೊಳಗೆ ಕೈ ತೂರಿಸಿ ಬಾಯಿಗಿಟ್ಟರು. ಸೆರಗಿನ ಹಿಂದೆ ದವಡೆ ನಿಧಾನವಾಗಿ ಆಡಿತು. ಸ್ವಲ್ಪ ಹೊತ್ತಿಗೆ ರಾಜಬಿಯ ಕೈ ತಾನಾಗಿಯೇ ಡಬ್ಬಿಯತ್ತ ಬಂತು. ಮುಂದಿನ ತುಂಡಿಗೆ ಸೆರಗು ಜಾರಿತು, ಅವರು ಅದನ್ನು ಎತ್ತಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಬೊಚ್ಚು ಬಾಯಿ, ತುಟಿಯ ಮೇಲೆಲ್ಲ ಚಾಕಲೇಟು. ಅತ್ತೆ ನಕ್ಕರು, ರಾಜಬಿಯೂ ನಕ್ಕರು. ನಗು ಕೇಳಿ ಮುಬಿನಾ ಚಹಾದ ಒಲೆ ಬಿಟ್ಟು ಓಡಿ ಬಂದಳು.

ನಗು ಮುಗಿದ ಮೇಲೆ ಅತ್ತೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟರು.

“ನಿನಗ ಹಲ್ಲಿಲ್ಲ, ಖರೆ. ಮನಿ ತುಂಬ ಹಲ್ಲಿದ್ದವ್ರು ಅದಾರಲ್ಲ ಬೇ. ನನ್ನ ಗಂಟ ಯಾಕ ಹೊಳ್ಳಿ ಕಳಿಸಿದಿ?”

ರಾಜಬಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

“ಅವ್ರೆಲ್ಲಾ ನಿನ್ನ ರೊಟ್ಟಿ ಕಟಕಟ ಮುರದು ತಿನ್ನೂದು ಕೇಳ್ಕೋತ ನಾ ಹ್ಯಾಂಗ ಕುಂಡ್ರಲಿ, ಕಾಶಿ?”

ಅತ್ತೆ ಇನ್ನಷ್ಟು ಹತ್ತಿರ ಸರಿದರು. ತಮ್ಮ ಸೆರಗಿನ ತುದಿಯಿಂದ ಗೆಳತಿಯ ತುಟಿ ಒರೆಸಿದರು.