ಕಕ್ಕಬೆಯ ಮಳೆ, ಸಿದ್ದಾಪುರದ ಗೆರೆ

ಮೈಸೂರಿನಿಂದ ಸಿದ್ದಾಪುರಕ್ಕೆ ಬಸ್ಸಿಗೆ ಎರಡು ರೂಪಾಯಿ ಚಿಲ್ಲರೆ. ಹುಣಸೂರು ದಾಟಿದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಕಿಟಕಿಯ ಪರದೆ ಹರಿದಿತ್ತು. ನಾನು ನೆನೆದರೂ ಸರಿ ಎಂದು ಹೊಳೆಯ ನಕಾಶೆಯನ್ನು ಅಂಗಿಯೊಳಗೆ ತುರುಕಿಕೊಂಡೆ. ಕೊಡಗಿನ ತೋಟಗಳವರು ವರ್ಷಗಟ್ಟಲೆ ಅಳೆದಿಟ್ಟ ಮಳೆಯನ್ನು ನಾವು ನೀರಾವರಿ ಇಲಾಖೆಯವರು ಕಾರ್ಡುಗಳಲ್ಲಿ ತೂತು ಹೊಡೆದು ಬೆಂಗಳೂರಿನ ಗಣಕಯಂತ್ರಕ್ಕೆ ತಿನ್ನಿಸಿದ್ದೆವು. ಕಾವೇರಿ ಹೆಚ್ಚೆಂದರೆ ಎಲ್ಲಿಯವರೆಗೆ ಏರುತ್ತಾಳೆಂದು ಅದು ಹೇಳಿತ್ತು. ಆ ಮಟ್ಟವನ್ನು ದಡದಲ್ಲಿ ಗುರುತು ಹಾಕುವುದು ನನ್ನ ಕೆಲಸ.

ಸಿದ್ದಾಪುರದ ಹೊಳೆಬದಿಯ ತೋಟದಲ್ಲಿ, ಕೂಲಿಯವರ ಲೈನ್ ಮನೆಗಳ ಕೆಳಗಿದ್ದ ಹಲಸಿನ ಮರಕ್ಕೆ ಕೆಂಪು ಗೆರೆ ಬಳಿದೆ. ಮೊದಲ ಮನೆಯ ದೇವಕಿ ಕರಿ ಕಾಫಿ ಕೊಟ್ಟಳು. ಒಳಗೆ ಅವಳ ಮಗಳು ಹಸಿ ಬಾಣಂತಿ. ಥಂಡಿ ತಗಲೀತೆಂದು ಬಾಗಿಲನ್ನು ಅರ್ಧ ಮಾತ್ರ ತೆರೆದಿದ್ದಳು.

“ಸಾರೇ, ಇವಳನ್ನ ಈ ಮಳೇಲಿ ಎಬ್ಬಿಸಿ ಮೇಲೆ ಗೋಡೌನಿಗೆ ಕೊಂಡೋಗ್ಬೇಕಾ, ಬೇಡ್ವಾ? ಅಷ್ಟು ಹೇಳಿ.”

“ಬೇಡ,” ಅಂದೆ. ಅಷ್ಟು ಖಡಾಖಂಡಿತವಾಗಿ ಮನೆಯಲ್ಲಿ ಹೆಂಡತಿಗೂ ಉತ್ತರ ಕೊಟ್ಟವನಲ್ಲ ನಾನು.

ಮರುದಿನ ವಿರಾಜಪೇಟೆ, ನಾಪೋಕ್ಲು ಹಾದು ಕಕ್ಕಬೆಗೆ ಹೋದೆ. ಅಲ್ಲಿನ ಮಳೆಯೂ ಕಾವೇರಿಗೇ ಇಳಿಯುತ್ತದೆ; ಅಲ್ಲಿನ ತೋಟಗಳ ಮಳೆಮಾಪಕಗಳನ್ನು ನೋಡಬೇಕಿತ್ತು. ದಾರಿಯುದ್ದಕ್ಕೂ ಜಿಗಣೆ. ತೋಟದ ಲೆಕ್ಕ ಬರೆಯುವ ರೈಟರ್ ಬಿಸಿ ಕಡಂಬುಟ್ಟಿನ ಅಕ್ಕಿ ಉಂಡೆ ಬಡಿಸಿ, ಮಳೆ ಹಿಡಿಯುವ ಬಾಟಲಿಯನ್ನು ಹೆಮ್ಮೆಯಿಂದ ತೋರಿಸಿದರು. ಭಾನುವಾರ ಯಾರು ಅಳೆಯುತ್ತಾರೆಂದು ಸುಮ್ಮನೆ ಕೇಳಿದೆ. ಅವತ್ತು ರಜೆ, ಸೋಮವಾರ ಒಟ್ಟಿಗೆ ಬರೆಯುವುದೇ ಸುತ್ತಲಿನ ತೋಟಗಳ ರೂಢಿ ಎಂದರು. ಜೋರು ಮಳೆಗೆ ಅಷ್ಟರಲ್ಲಿ ಬಾಟಲಿ ತುಂಬಿ ಚೆಲ್ಲುವುದಿಲ್ಲವೇ ಎಂದೆ.

“ಚೆಲ್ತದೆ. ಬಾಟಲೀಲಿ ಇದ್ದಷ್ಟು ಬರೀತೇನೆ. ಅಳೆಯದ್ದನ್ನ ಬರೆದ್ರೆ ಸುಳ್ಳಾಗ್ತದಲ್ಲ?”

ಊಟ ಬಿಟ್ಟು ಎದ್ದೆ. ನಮ್ಮ ಯಂತ್ರ ಕಂಡಿದ್ದ ಅತಿ ದೊಡ್ಡ ಮಳೆ ಆ ಬಾಟಲಿಯಷ್ಟೇ; ನನ್ನ ಗೆರೆಯೂ ಅಷ್ಟಕ್ಕೇ. ಹೊರಗೆ ಅದಕ್ಕಿಂತ ದೊಡ್ಡದು ಸುರಿಯುತ್ತಿತ್ತು. ನನಗೆ ಹೆದರಿಕೆಯಾಯಿತು.

ರೈಟರ್ ತೋಟದ ಜೀಪು ಕೊಡಿಸಿದರು. ಡ್ರೈವರ್ ಎಷ್ಟು ಓಡಿಸಿದರೂ ನನಗೆ ಸಾಲದು; ಪ್ರತಿ ತಿರುವಿನಲ್ಲೂ ಅವನನ್ನು ಅವಸರಪಡಿಸಿ ಬೈಸಿಕೊಂಡೆ. ಸಂಜೆ ಸಿದ್ದಾಪುರ ತಲುಪಿದಾಗ ನೀರು ಗೆರೆಗಿಂತ ಮೊಳದಷ್ಟು ಕೆಳಗಿತ್ತು.

“ನಿನ್ನೆ ನೀವೇ ಬೇಡ ಅಂದ್ರಿ,” ಎಂದಳು ದೇವಕಿ. “ನೀರು ಇನ್ನೂ ಗೆರೆ ಮುಟ್ಲಿಲ್ಲ.”

“ಗೆರೆಯೇ ತಪ್ಪಮ್ಮ. ಏಳಿ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಗುವನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು. ಬಾಣಂತಿಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತರು. ಉಳಿದವರೂ ಪಾತ್ರೆ, ಕೋಳಿ ಹಿಡಿದು ಹಿಂದೆಯೇ ಹತ್ತಿದರು.

ಬೆಳಿಗ್ಗೆ ಗೋಡೌನಿನಿಂದ ಕೆಳಗೆ ನೋಡಿದೆ. ಗೆರೆ ಮುಳುಗಿ ಹೋಗಿತ್ತು. ನೀರು ದೇವಕಿಯ ಮನೆಯ ಕಿಟಕಿ ಮುಟ್ಟಿತ್ತು. ಅವಳು ಪಕ್ಕದಲ್ಲಿ ಬಂದು ನಿಂತಳು.

“ಇನ್ನು ಎಲ್ಲಿವರೆಗೆ ಏರ್ತದೆ ಸಾರೇ?”

ಗೊತ್ತಿಲ್ಲ ಅಂದೆ. ಅವಳು ಒಳಗೆ ಹೋಗಿ ಮಗುವನ್ನೆತ್ತಿಕೊಂಡು, ಇನ್ನೂ ಮೇಲಿದ್ದ ತೋಟದ ಸಾಹೇಬರ ಬಂಗಲೆಯ ದಾರಿ ಹಿಡಿದಳು. ಬಾಣಂತಿಯ ಕುರ್ಚಿಯ ಒಂದು ಬದಿಗೆ ನಾನು ಹೆಗಲು ಕೊಟ್ಟೆ.