ಕ್ಲಚ್ಚಿನ ಹಿಂದೆ ಅರಿಶಿನದ ದಾರ

ಸ್ವಿಚ್ ಆಫ್ ಮಾಡಿದೆ. ಮಷಿನ್ ನಿಲ್ಲಲಿಲ್ಲ.

ಇನ್ನೊಮ್ಮೆ ಒತ್ತಿದೆ. ಊಹೂಂ. ಆಕ್ಸಿಲರೇಟರಿನ ಮೇಲೆ ನನ್ನ ಬೆರಳೂ ಇಲ್ಲ, ಆದರೂ ಸದ್ದು ತಾನಾಗಿಯೇ ಏರುತ್ತಿದೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ, ಇಟ್ಟಮಡುವಿನ ನಮ್ಮ ಮನೆಯ ಕಾರ್ ಶೆಡ್ಡು, ಕಣ್ಣು ಕುಕ್ಕುವ ಬಿಸಿಲು. ಹೆದರುವ ಹೊತ್ತೂ ಅಲ್ಲ, ಜಾಗವೂ ಅಲ್ಲ. ಆದರೂ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು.

ಎದುರಿಗಿದ್ದ ಮುನಿರಾಜು ಏನು ಮಾಡಿದ ಗೊತ್ತೇ? ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಮಷಿನ್ನಿಗೆ ಕೈಮುಗಿದ.

ಮೊದಲಿನಿಂದ ಹೇಳುತ್ತೇನೆ. ಮುನಿರಾಜು ಬೇಗೂರು ಕಡೆಯವನು. ಮರ ಹತ್ತಿ ಕೊಂಬೆ ಕಡಿಯುವುದು ಅವನ ಕಸುಬು. ಗಾಳಿಮಳೆ ಬಂದ ಮಾರನೇ ದಿನ ನಮ್ಮ ಕಡೆಯ ಅರ್ಧ ಜನ ಅವನಿಗೇ ಫೋನ್ ಮಾಡುವುದು. ಸೆಕೆಂಡ್ ಹ್ಯಾಂಡ್ ಚೈನ್ ಸಾ ಒಂದನ್ನು, ಅಂದರೆ ಪೆಟ್ರೋಲಿನಲ್ಲಿ ಓಡುವ ಗರಗಸವನ್ನು, ಯಾರಿಂದಲೋ ಕೊಂಡು ತಂದಿದ್ದ.

"ಪವರ್ರೇ ಇಲ್ಲ ಸಾರ್. ದಪ್ಪ ಕೊಂಬೆ ಮೇಲಿಟ್ರೆ ಏದುಸಿರು ಬಿಡುತ್ತೆ. ಏನಾದ್ರೂ ಮಾಡಿ" ಅಂದ. ಪಾಲಿಟೆಕ್ನಿಕ್ಕಿನಲ್ಲಿ ಜೀವಮಾನವಿಡೀ ವರ್ಕ್‌ಶಾಪ್ ಪಾಠ ಮಾಡಿ ರಿಟೈರ್ ಆದವನ ಮುಂದೆ ಯಾರಾದರೂ ಹೀಗನ್ನಬಹುದೇ? (ನನ್ನ ಈ ಕಾಯಿಲೆ ನಿಮಗೆ ಗೊತ್ತೇ ಇದೆ. ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದ, ಪಕ್ಕದ ಮನೆಯವರ ಮಿಕ್ಸಿ ರಿಪೇರಿಯ ಕಥೆ ಮರೆತಿಲ್ಲ ತಾನೇ?)

ಬಿಚ್ಚಿದೆ. ಪಿಸ್ಟನ್ನಿನ ಮೈತುಂಬ ಗೀರು. ಹೊಸ ಪಿಸ್ಟನ್, ಹೊಸ ರಿಂಗ್ ತಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡುವ ಆಸಾಮಿಯೇ ನಾನು? ಹೊಗೆ ಹೋಗುವ ದಾರಿಯನ್ನು ಗ್ರೈಂಡರಿನಲ್ಲಿ ಉಜ್ಜಿ ಅಗಲ ಮಾಡಿದೆ. ಸೈಲೆನ್ಸರಿನ ತೂತು ದೊಡ್ಡದು ಮಾಡಿದೆ. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ತೆಗೆದು, ತೆಳ್ಳಗೆ ಸೀಲೆಂಟ್ ಬಳಿದು ಕೂರಿಸಿದೆ. ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಏರಿತು. ಪಿಸ್ಟನ್ನಿಗೆ ಗೀರು ಬಿದ್ದದ್ದೇಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಇದನ್ನೇ ವಿದ್ಯಾರ್ಥಿ ಮಾಡಿದ್ದರೆ ಮಾರ್ಕ್ಸ್ ಕಳೆಯುತ್ತಿದ್ದೆ.

ಕ್ಲಚ್ ತೆಗೆದಾಗ ಅದು ಕಂಡಿತು. ಎಂಜಿನ್ನಿನ ಶಾಫ್ಟಿಗೆ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಹೊರಗೆಲ್ಲ ಎಣ್ಣೆ ಹಿಡಿದು ಕಪ್ಪು. ಇಕ್ಕಳದಲ್ಲಿ ಹಿಡಿದು ಎಳೆದರೆ ಒಳಗೆ ಹಳದಿ, ನಿನ್ನೆ ಅದ್ದಿದಂಥ ಅರಿಶಿನದ ಹಳದಿ. ಎಳೆದಷ್ಟೂ ಬಂತು. ಅರಳಿಮರಕ್ಕೆ ಪ್ರದಕ್ಷಿಣೆ ಹಾಕುತ್ತಾ ಹೆಂಗಸರು ಸುತ್ತುತ್ತಾರಲ್ಲ, ಆ ದಾರ. ಈ ಗರಗಸ ಯಾವ ಕಟ್ಟೆಯ ಮರವನ್ನು ತಿಂದು ಬಂದಿದೆ? ಇದನ್ನು ಸುತ್ತಿದವಳು ಏನು ಬೇಡಿಕೊಂಡಿದ್ದಳು? ಮಗುವೋ, ಮಗಳ ಮದುವೆಯೋ? ಇಕ್ಕಳ ಕೆಳಗಿಟ್ಟುಬಿಟ್ಟೆ, ಸುಳ್ಳೇಕೆ ಹೇಳಲಿ.

ಕೊನೆಯ ಎಳೆಗಳು ಆಯಿಲ್ ಸೀಲಿನ ಒಳಕ್ಕೆ ಹೋಗಿದ್ದವು. ಸೀಲ್ ಅಂದರೆ ಶಾಫ್ಟಿನ ಸುತ್ತ ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆ. ತೆಗೆಯಬೇಕಾದರೆ ಸ್ಕ್ರೂಡ್ರೈವರ್ ಚುಚ್ಚಿ ಕೀಳಬೇಕು. ದಾರವೂ ಛಿದ್ರವಾಗುತ್ತದೆ. "ಸೀಲ್ ಬದಲಿಸದೆ ಎಂಜಿನ್ ಮುಚ್ಚಬೇಡ್ರೋ" ಎಂದು ಎಷ್ಟೋ ಹುಡುಗರಿಗೆ ಬೈದವನು ನಾನು. ಅವತ್ತು ಚುಚ್ಚಲು ಮನಸ್ಸು ಬರಲಿಲ್ಲ. ಬಂದಷ್ಟು ದಾರವನ್ನು ಕಣ್ಣಿಗೊತ್ತಿಕೊಂಡು ಹೆಂಡತಿಗೆ ಕೊಟ್ಟೆ. ಅವಳು ತುಳಸಿಯ ಬುಡದಲ್ಲಿಟ್ಟಳು. ಉಳಿದದ್ದು ಒಳಗೇ ಇರಲಿ ಎಂದು ಮುಚ್ಚಿಬಿಟ್ಟೆ.

ಭಾನುವಾರ ಮುನಿರಾಜುವನ್ನು ಕರೆದು, ಹಲಸಿನ ದಿಮ್ಮಿಯೊಂದನ್ನಿಟ್ಟು ಕುಯ್ದು ತೋರಿಸಿದೆ. ಬಾಳೆದಿಂಡು ಕುಯ್ದಂತೆ ಇಳಿಯಿತು. "ಸಖತ್ ಸಾರ್!" ಅಂದ. ನಾನು ಉಬ್ಬಿಹೋದೆ. ಚೈನ್ ಬ್ರೇಕ್ ಹಾಕಿ, ಮಷಿನ್ ಕೆಳಗಿಟ್ಟು, ಸುಮ್ಮನೆ ಓಡಲು ಬಿಟ್ಟೆ.

ಆಗ ಶುರುವಾಯಿತು. ಗುರುಗುಟ್ಟುತ್ತಿದ್ದದ್ದು ಕಿರುಚತೊಡಗಿತು. ಬ್ರೇಕಿಗೆ ಸಿಕ್ಕ ಚೈನ್ ಅಲ್ಲಾಡುತ್ತಿಲ್ಲ, ಒಳಗೆ ಮಾತ್ರ ಯಾರೋ ಬಾಗಿಲು ತೆಗೆಯಿರಿ ಎಂದು ಒದರುತ್ತಿರುವ ಹಾಗೆ. ಸ್ವಿಚ್ ಆಫ್ ಆದಮೇಲೆ ಸ್ಪಾರ್ಕ್ ಎಲ್ಲಿಂದ ಬರಬೇಕು? ಸ್ಪಾರ್ಕಿಲ್ಲದೆ ಎಂಜಿನ್ ಓಡುವುದು ಹೇಗೆ? ಕೊನೆಗೆ ಬುದ್ಧಿ ಬಂದು, ಗಾಳಿಯ ದಾರಿ ಮುಚ್ಚುವ ಚೋಕ್ ಎಳೆದೆ. ಎರಡು ಸಲ ಬಿಕ್ಕಿ ನಿಂತಿತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ.

"ಇದು ಮರದ ಶಾಪ ಸಾರ್" ಎಂದು ಮುನಿರಾಜು ಪಿಸುಗುಟ್ಟಿದ. "ಇದನ್ನ ನಂಗೆ ಮಾರ್ದೋನು, ಒಂದು ನಾಗರಕಟ್ಟೆ ಅರಳಿಮರ ಕುಯ್ದ ಮೇಲೆ ಕಸ್ಬೇ ಬಿಟ್ಬಿಟ್ಟ. ನಾನೇ ನಂಬ್ಲಿಲ್ಲ." ಮತ್ತೆ ಚಪ್ಪಲಿ ಮೆಟ್ಟುತ್ತಾ, "ನಾಳೆ ಜಯನಗರದಲ್ಲಿ ಒಂದು ಮರ ಒಪ್ಕೊಂಡಿದ್ದೆ. ಹಗ್ಗದಲ್ಲಿ ನೇತಾಡ್ಕೊಂಡು ಇದನ್ನ ಹಿಡ್ಕೊಂಡಿರ್ತಿದ್ದೆ ಸಾರ್" ಅಂದ.

ನನಗೆ ಕಣ್ಣಿಗೆ ಕಟ್ಟಿತು. ಅವನ ಸೊಂಟದ ಹಗ್ಗ. ಅದರ ಪಕ್ಕದಲ್ಲೇ ನಿಲ್ಲಲೊಲ್ಲದ ಚೈನ್. ಅವನಿಗೆ ಇಬ್ಬರು ಹೆಣ್ಣುಮಕ್ಕಳು.

ಅವನೆದುರಿಗೇ ಮತ್ತೆ ಬಿಚ್ಚಿದೆ. ಈ ಸಲ ಸೀಲನ್ನು ಚುಚ್ಚಿ ಕಿತ್ತೆ. ಒಳಗಿದ್ದ ದಾರ ಅದರ ಅಂಚನ್ನು ಸವೆಸಿ ಕೊಯ್ದಿತ್ತು. ಅಲ್ಲಿಂದ ಗಾಳಿ ನುಗ್ಗಿದೆ, ಪೆಟ್ರೋಲ್ ಸಾಲದೆ ಎಂಜಿನ್ ಕಾದಿದೆ, ನಾನು ಏರಿಸಿದ ಕಂಪ್ರೆಷನ್ ಬೇರೆ. ಕೆಂಡದಂಥ ಬಿಸಿಗೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡಿದೆ. ಅಲ್ಲಿ ಸ್ವಿಚ್ಚಿಗೇನು ಕೆಲಸ? ಹಳೆಯ ಪಿಸ್ಟನ್ನಿನ ಗೀರಿಗೂ ಇದೇ ಕಾರಣ. ಇಷ್ಟನ್ನು ಬಿಡಿಸಿ ಹೇಳಿದೆ.

"ನೀವ್ ಹೇಳೋದು ಸರೀನೇ ಸಾರ್. ಆದ್ರೂ ದಾರ ಆ ಮರದ್ದೇ ಅಲ್ವಾ?"

ನಾನು ಕಿತ್ತ ಸೀಲನ್ನು ಬೆರಳಲ್ಲಿ ತಿರುಗಿಸಿದೆ. ಅವನೇ ಸಮಾಧಾನ ಮಾಡಿದ: "ನೀವ್ಯಾಕ್ ಮುಖ ಸಪ್ಪಗ್ ಮಾಡ್ಕೋತೀರಾ? ನಿಮ್ ತಪ್ಪೇನಿದೆ? ಒಳಗಡೆ ದಾರ ಇರೋದು ನಿಮಗೇನ್ ಗೊತ್ತು?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡಿದಳು. ನಾನು ಸೀಲನ್ನು ನೋಡಿದೆ. "ಹೌದಪ್ಪ, ಯಾರಿಗ್ ಗೊತ್ತಾಗುತ್ತೆ" ಅಂದೆ. ಅವಳು ಒಳಗೆ ಹೋದಳು.

ಹೊಸ ಸೀಲ್ ಹಾಕಿ, ಗ್ಯಾಸ್ಕೆಟ್ ವಾಪಸ್ ಕೂರಿಸಿ, ಸ್ವಿಚ್ ಒತ್ತಿದರೆ ನಿಲ್ಲುತ್ತದೆಯೇ ಎಂದು ಎರಡು ದಿನ ಪರೀಕ್ಷಿಸಿ ಕೊಟ್ಟೆ. ಮುನಿರಾಜು ಮಷಿನ್ನಿಗೆ ನಿಂಬೆಹಣ್ಣು ನಿವಾಳಿಸಿ ತೆಗೆದುಕೊಂಡು ಹೋದ. ಹೋಗುವಾಗ "ಪ್ರಾಣ ಉಳಿಸಿದ್ರಿ ಸಾರ್" ಅಂದ.

ಶಾಪ ಎಷ್ಟು ಅನುಕೂಲದ್ದು ನೋಡಿ. ರಸ್ತೆಯ ಗುಂಡಿಗೆ ಬಿದ್ದರೆ ಗ್ರಹಚಾರ, ಲಿಫ್ಟ್ ಕೈಕೊಟ್ಟರೆ ವಾಸ್ತು. ಮುನಿರಾಜು ಮರದಿಂದ ಬಿದ್ದಿದ್ದರೂ ಊರೆಲ್ಲ ಅರಳಿಮರದ ಹೆಸರನ್ನೇ ಹೇಳುತ್ತಿತ್ತು. ನಾನು ಹಾರ ಹಿಡಿದು ಹೋಗಿ, ಎಲ್ಲರ ಜೊತೆ ತಲೆಯಾಡಿಸಿ ಬರುತ್ತಿದ್ದೆ. ಆ ನಿಲ್ಲದ ಸದ್ದಿಗಿಂತ ಈಗ ಇದು ಹೆಚ್ಚು ಹೆದರಿಸುತ್ತದೆ.

"ರೀ, ಅವನಿಗೆ ಹೇಳಿದ್ರಾ?" ಎಂದು ಹೆಂಡತಿ ದಿನಾ ಕೇಳುತ್ತಾಳೆ. ಇನ್ನೂ ಇಲ್ಲ. ನಿಮಗಂತೂ ಹೇಳಿದೆ. ಮುನಿರಾಜು ಪೇಪರ್ ಓದುವುದಿಲ್ಲ ಎಂಬ ಧೈರ್ಯದ ಮೇಲೇ ಇಷ್ಟನ್ನೂ ಬರೆದೆನೇ?