ಎದುರಿನದನ್ನು ಮಾತ್ರ ಕೇಳುವ ಮೈಕು

ದೊಡ್ಡಮ್ಮನ ಗಂಟಲಿನ ಗಡ್ಡೆಗೆ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. ಆಮೇಲೆ ದನಿ ಹೇಗಿರುತ್ತದೆ ಎಂದು ಕೇಳಿದರೆ, ಅದನ್ನು ಈಗಲೇ ಹೇಳುವುದಕ್ಕಾಗುವುದಿಲ್ಲ ಎಂದು ಕನ್ನಡಕ ಒರೆಸಿಕೊಂಡರು. ಹಾಡುವುದು ಬಿಟ್ಟರೆ ದೊಡ್ಡಮ್ಮನಿಗೆ ಬೇರೆ ಲೋಕವೇ ಇರಲಿಲ್ಲ. ಆಸ್ಪತ್ರೆಗೆ ಸೇರಿಸುವುದರೊಳಗೆ ಆ ದನಿಯನ್ನು ಹಿಡಿದಿಟ್ಟುಬಿಡೋಣ ಎಂದು ಅವರ ಮಗ ಹೊರಟ. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಮದುವೆಗೆ ಮುಂಚೆ ನಾನು ಜಯನಗರದ ಅವರ ಮನೆಯಲ್ಲೇ ಇದ್ದೆ. ದೊಡ್ಡಮ್ಮ ಹಾಡಲು ಕೂತಾಗಲೆಲ್ಲ ಅವರ ಬಲಕ್ಕೆ, ಸ್ವಲ್ಪ ಹಿಂದೆ ಕೂತು ತಂಬೂರಿ ಮೀಟುವುದು ನನ್ನ ಕೆಲಸ.

ಅಣ್ಣ ನನ್ನನ್ನೂ ಗಾಂಧಿಬಜಾರಿನ ಹತ್ತಿರದ ರೇಡಿಯೋ ಅಂಗಡಿಗೆ ಕರೆದುಕೊಂಡು ಹೋದ. ನನ್ನ ಕಿವಿಯ ಮೇಲೆ ಅವನಿಗೆ ನಂಬಿಕೆ ಇತ್ತೆಂದಲ್ಲ, ಹೊರುವುದಕ್ಕೆ ಇನ್ನೊಂದು ಜೊತೆ ಕೈ ಬೇಕಿತ್ತು. ಬಾಡಿಗೆಗೆ ಎರಡು ರೆಕಾರ್ಡರ್ ಇದ್ದವು. ಒಂದು ಟ್ರಂಕಿನಷ್ಟು ದೊಡ್ಡದು, ಕರೆಂಟಿನದು. ಇನ್ನೊಂದು ಸಣ್ಣದು, ಟಾರ್ಚಿನ ಸೆಲ್ಲಿನಲ್ಲಿ ಓಡುವುದು. ದೊಡ್ಡದರಲ್ಲಿ ದನಿ ತುಂಬಿಕೊಂಡು ಬರುತ್ತದೆ, ಆದರೆ ಕರೆಂಟು ಹೋದರೆ ಕೆಟ್ಟಿತು. ಸಣ್ಣದಕ್ಕೆ ಕರೆಂಟಿನ ಹಂಗಿಲ್ಲ, ಆದರೆ ಸೆಲ್ಲು ಸೋತ ಹಾಗೆ ಟೇಪಿನ ಓಟವೂ ಸೋಲುತ್ತದೆ. ಅಂಗಡಿಯವರು ಎರಡನ್ನೂ ಹೊಗಳಿದರು, ಎರಡನ್ನೂ ತೆಗಳಿದರು. ಅಣ್ಣ ಎಲ್ಲದಕ್ಕೂ ತಲೆ ಆಡಿಸಿದ. ಅವನಿಗೆ ನನಗಿಂತ ಹೆಚ್ಚೇನೂ ಅರ್ಥವಾಗಿರಲಿಲ್ಲ ಎಂಬುದು ಅವನ ಕಿವಿ ಕೆಂಪಾದದ್ದರಿಂದಲೇ ತಿಳಿಯಿತು. ಕೊನೆಗೆ ದೊಡ್ಡದನ್ನೇ ತೋರಿಸಿದ.

ಮೈಕಿನ ಸರದಿ ಬಂದಾಗ ತಲೆ ಇನ್ನಷ್ಟು ಕೆಟ್ಟಿತು. ಒಂದು ಮೈಕು ಸುತ್ತಲಿನದೆಲ್ಲವನ್ನೂ ಕೇಳುತ್ತದಂತೆ. ಇನ್ನೊಂದು ಎದುರಿನದನ್ನು ಮಾತ್ರ ಕೇಳುತ್ತದೆ, ಬೆನ್ನ ಹಿಂದೆ ಏನಾದರೂ ಅದಕ್ಕೆ ಲೆಕ್ಕಕ್ಕಿಲ್ಲವಂತೆ. ನಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಕಲ್ಲು ಒಡೆಯುವ ಸದ್ದು, ಭಾನುವಾರವೂ ಬಿಡುವಿಲ್ಲ. ಹಾಗಾದರೆ ಎದುರಿನದೇ ಸರಿ ಎಂದ ಅಣ್ಣ. ಯಾವುದಕ್ಕೂ ಇರಲಿ ಎಂದು ಅಂಗಡಿಯವರು ಎರಡನ್ನೂ ಕಟ್ಟಿಕೊಟ್ಟರು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಹಿಂದಿರುಗಿಸಬೇಕಿತ್ತು, ಅದೇ ಬೆಳಿಗ್ಗೆ ದೊಡ್ಡಮ್ಮ ಆಸ್ಪತ್ರೆಗೆ ಸೇರಬೇಕಿತ್ತು.

ಮಧ್ಯಾಹ್ನ ದೊಡ್ಡಮ್ಮ ಜರಿ ಅಂಚಿನ ಸೀರೆ ಉಟ್ಟು ಕೂತರು. ಸೀರೆ ಟೇಪಿಗೆ ಕಾಣಿಸುತ್ತದೆಯೇ ಎಂದು ಅಣ್ಣ ರೇಗಿಸಿದರೆ, ತಾವೇ ನಕ್ಕರು. ನಾನು ಯಾವಾಗಿನಂತೆ ಅವರ ಬಲಕ್ಕೆ ಕೂತೆ. ತೋಡಿ ಎತ್ತಿಕೊಂಡರು. ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮುಗಿದ ಮೇಲೆ ಅಣ್ಣ ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದ.

ದನಿ ಬರುತ್ತಿತ್ತು, ಹೋಗುತ್ತಿತ್ತು. ಮೇಲಿನ ಷಡ್ಜಕ್ಕೆ ಏರಿ ನಿಲ್ಲುವ ಜಾಗಗಳಲ್ಲೆಲ್ಲ ದೊಡ್ಡಮ್ಮ ಎದ್ದು ಪಕ್ಕದ ಕೋಣೆಗೆ ಹೋದ ಹಾಗೆ ಕೇಳಿಸುತ್ತಿತ್ತು. ಅಣ್ಣ ವೈರು ಎಳೆದು ನೋಡಿದ, ರೆಕಾರ್ಡರಿನ ಹೆಡ್ಡನ್ನು ಹತ್ತಿಯಲ್ಲಿ ಒರೆಸಿದ, ಅಂಗಡಿಯವರನ್ನು ಬೈದ. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಇನ್ನೊಮ್ಮೆ ಹಾಡಿಸಿದಾಗ ನನಗೆ ಹೊಳೆಯಿತು. ಹಾಡಿನ ಒಳ್ಳೆಯ ಜಾಗ ಬರುವ ಹೊತ್ತಿಗೆಲ್ಲ ದೊಡ್ಡಮ್ಮ ಕತ್ತನ್ನು ಬಲಕ್ಕೆ, ತಂಬೂರಿಯ ಕಡೆಗೆ ತಿರುಗಿಸುತ್ತಿದ್ದರು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೂ, ಆ ಹೊತ್ತಿಗೆ ಕಣ್ಣು ತಂತಿಯ ಮೇಲಿರುತ್ತಿದ್ದುದರಿಂದ, ನಾನು ಅದನ್ನು ಗಮನಿಸಿರಲಿಲ್ಲ. ನನ್ನ ಕಡೆ ತಿರುಗಿ ಹಾಡಿದ್ದು ಎದುರಿನ ಮೈಕಿಗೆ ಹೇಗೆ ಸಿಗಬೇಕು?

ತಿರುಗದೆ ಹಾಡು ಎಂದ ಅಣ್ಣ. ಅವರು ಪ್ರಯತ್ನಪಟ್ಟರು. ಎರಡು ಆವರ್ತವಾಗುವಷ್ಟರಲ್ಲಿ ಕೈ ಚೆಲ್ಲಿದರು.

"ಕಣ್ಣಿ ಹಾಕಿ ಕಟ್ಟಿದ ಹಸು ಥರ ಆಗ್ತಿದೆ ಕಣೋ. ಉಸಿರೇ ಆಡ್ತಿಲ್ಲ."

ಸುತ್ತಲಿನದೆಲ್ಲ ಕೇಳುವ ಇನ್ನೊಂದು ಮೈಕು ಹಾಕಿದರೆ ಕಲ್ಲು ಒಡೆಯುವವರೇ ಮುಖ್ಯ ಗಾಯಕರಾದರು. ದೊಡ್ಡಮ್ಮ ಬಾವಿಯೊಳಗಿಂದ ಹಾಡಿದಂತಿತ್ತು. ಬಿಸಿಲು ಇಳಿಯುತ್ತಿತ್ತು. ಅಣ್ಣ ಎರಡು ಕೈಯಲ್ಲಿ ಎರಡು ಮೈಕು ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು.

ದೊಡ್ಡಮ್ಮನೇ ನನಗೆ ಹೇಳಿದರು. "ನೀನು ಬಂದು ಎದುರಿಗೆ ಕೂತ್ಕೊಳ್ಳೇ. ಆ ಮೈಕಿನ ಹಿಂದೆ."

ಅದರ ಬೆನ್ನ ಹಿಂದಿನದು ಅದಕ್ಕೆ ಕೇಳಿಸುವುದಿಲ್ಲ, ತಂಬೂರಿ ಟೇಪಿಗೆ ಬರುವುದೇ ಇಲ್ಲ ಎಂದು ಅಣ್ಣ ಎಚ್ಚರಿಸಿದ.

"ನಂಗೆ ಕೇಳ್ಸಿದ್ರೆ ಸಾಕು."

ನನಗೆ ಬೇಜಾರಾಯಿತು. ನನ್ನ ತಂಬೂರಿಯೂ ಟೇಪಿನಲ್ಲಿ ಇರುತ್ತದೆ ಎಂದು ಶ್ರೀನಗರದ ಗೆಳತಿಯ ಮುಂದೆ ಕೊಚ್ಚಿಕೊಂಡು ಬಂದಿದ್ದೆ. ಆದರೂ ಎದ್ದು ಹೋಗಿ ಮೈಕಿನ ಹಿಂದೆ ಕೂತೆ. ದೊಡ್ಡಮ್ಮ ನನ್ನನ್ನೇ ನೋಡುತ್ತ ಹಾಡಿದರು. ಎಷ್ಟೋ ವರ್ಷ ಅವರ ಬೆನ್ನನ್ನೂ ತುರುಬನ್ನೂ ನೋಡುತ್ತ ಮೀಟಿದವಳಿಗೆ ಎದುರಿನಿಂದ ಆ ಮುಖ ಹೊಸದು. ಕಣ್ಣು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಈ ಸಲ ಟೇಪಿನಲ್ಲಿ ದನಿ ಎಲ್ಲಿಯೂ ಮಾಸಲಿಲ್ಲ. ತಂಬೂರಿ ಮಾತ್ರ ಹುಡುಕಿದರೂ ಇರಲಿಲ್ಲ.

ಆಪರೇಷನ್ ಆಯಿತು. ದೊಡ್ಡಮ್ಮ ಉಳಿದರು, ದನಿ ಉಳಿಯಲಿಲ್ಲ. ಮಾತು ಪಿಸುಗುಟ್ಟಿದಂತೆ ಬರುತ್ತಿತ್ತು. ಎಷ್ಟೋ ದಿನ ಆ ಟೇಪಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹಾಕಿದರೆ ಸಂಕಟವೋ, ಹಾಕದಿದ್ದರೆ ಸಂಕಟವೋ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಅವರೇ ಕೇಳಿದರು. ಅಣ್ಣ ಅಂಗಡಿಗೆ ಹೋಗಿ ಅದೇ ದೊಡ್ಡ ಯಂತ್ರವನ್ನು ಮತ್ತೆ ಬಾಡಿಗೆಗೆ ಹಿಡಿದು ಜಟಕಾದಲ್ಲಿ ತಂದ.

ಆಲಾಪನೆ ಶುರುವಾಗುತ್ತಿದ್ದ ಹಾಗೆ ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದರು. "ಶ್ರುತಿ ಎಲ್ಲೇ? ತಂಬೂರಿ ತೊಗೊಂಬಾ."

ನಾನು ಹಳೆಯ ಜಾಗದಲ್ಲಿ, ಅವರ ಬಲಕ್ಕೆ ಕೂತು, ಅವರು ಹಾಡುತ್ತಿದ್ದ ಶ್ರುತಿಗೇ ಕೂಡಿಸಿದೆ. ಅದು ಟೇಪಿಗೆ ಹೊಂದಲಿಲ್ಲ. ಅಣ್ಣ ಕರೆಂಟನ್ನು ದೂರಿದ, ನಾನು ಯಂತ್ರವನ್ನು ದೂರಿದೆ. ಟೇಪಿನ ಓಟ ತಪ್ಪಿದ್ದು ಆಗ ಹಾಕಿದಾಗಲೋ, ಹಾಡಿದ ದಿನವೋ, ಇವತ್ತಿಗೂ ತಿಳಿದಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ಇನ್ನೊಂಚೂರು ಏರಿಸು ಎಂದು ಪಿಸುಗುಟ್ಟಿದರು. ಬಿರಡೆ ತಿರುಗಿಸಿದೆ. ಮತ್ತೆ ಬೆರಳು ಎತ್ತಿದರು, ಮತ್ತೆ ತಿರುಗಿಸಿದೆ. ಕೂಡಿತು.

ಟೇಪಿನ ದನಿ ಮೇಲಿನ ಷಡ್ಜಕ್ಕೆ ಏರುವಾಗ ಅವರು ಯಂತ್ರದ ಕಡೆಯಿಂದ ಕತ್ತು ತಿರುಗಿಸಿ ನನ್ನ ಕಡೆ ನೋಡಿದರು. ತುಟಿ ಸ್ವಲ್ಪ ತೆರೆದಿತ್ತು. ಟೇಪು ಮುಗಿದು ಅದರ ತುದಿ ಪಟಪಟ ಬಡಿಯತೊಡಗಿದ ಮೇಲೂ ಅವರು ಹಾಗೆಯೇ ಕೂತಿದ್ದರು. ನಾನು ಮೀಟುವುದನ್ನು ನಿಲ್ಲಿಸಲಿಲ್ಲ.